‘ಆರಾಮ ಅನಸ್ತೈತಿ’, ‘ಆರಾಮ ಆಗತೈತಿ’: ಪ್ಯಾಲಿಯೇಟಿವ್‌ಗೆ ನಮ್ಮ ಮಾತು ಯಾವುದು?

ಬಲ್ಲವರಿಗೆ ನಮಸ್ಕಾರ.

ಮುಂಡರಗಿ ಕಡೆಯ ನಮ್ಮ ಚಿಗವ್ವನಿಗೆ ಸ್ತನದ ಕ್ಯಾನ್ಸರ್, ಈಗ ಎಲುಬಿಗೆ ಹಬ್ಬಿದೆ. ಹೋದ ತಿಂಗಳು ಹುಬ್ಬಳ್ಳಿಯಲ್ಲಿ ಡಾಕ್ಟರು ಸೊಂಟಕ್ಕೆ ಕರೆಂಟ್ (ವಿಕಿರಣ ಚಿಕಿತ್ಸೆ) ಕೊಡಬೇಕು, ‘ಅದರಿಂದ ಆರಾಮ ಅನಸ್ತೈತ್ರಿ’ ಎಂದರು. ಚಿಗವ್ವ ಹೊರಗೆ ಬಂದವಳೇ ಊರಿಗೆ ಫೋನ್ ಹಚ್ಚಿ, ‘ನನಗ ಆರಾಮ ಆಗತೈತಂತ’ ಎಂದಳು. ನನಗೆ ಗಂಟಲು ಕಟ್ಟಿತು.

‘ಆರಾಮ ಅದೀರಿ?’ ಎಂದೇ ಮಾತು ತೆಗೆಯುವ ಸೀಮೆ ನಮ್ಮದು. ಆರಾಮ ಎಂದರೆ ನೆಮ್ಮದಿ, ಜಡ್ಡು ವಾಸಿಯಾಗುವುದೂ ಆರಾಮವೇ. ‘ಅನಿಸು’, ‘ಆಗು’ ಎಂಬೆರಡು ಕ್ರಿಯಾಪದಗಳ ನಡುವೆ ಒಂದು ಜೀವದ ಲೆಕ್ಕವೇ ಬದಲಾಯಿತು. ಆ ಕರೆಂಟ್ ಕೊಡುವುದು ಎಲುಬಿನ ಬ್ಯಾನಿ ಇಳಿಯಲೆಂದು. ರೋಗ ಬೇರುಸಹಿತ ಹೋಗುವುದಿಲ್ಲ.

ಇಂಥದ್ದನ್ನು ಪ್ಯಾಲಿಯೇಟಿವ್ ಎನ್ನುತ್ತಾರೆ. ಲ್ಯಾಟಿನ್ನಿನ ‘ಪಾಲಿಯಂ’, ಅಂದರೆ ಮೇಲುಹೊದಿಕೆ, ಅದರ ಮೂಲ. ನಮ್ಮ ಕೌದಿಯ ಹಾಗೆ: ಹೊದ್ದರೆ ಚಳಿಗಾಲ ಮುಗಿಯುವುದಿಲ್ಲ, ರಾತ್ರಿ ಕಳೆಯುತ್ತದೆ. ಬರಹದಲ್ಲಿ ‘ಉಪಶಾಮಕ ಆರೈಕೆ’ ಇದೆ. ಆದರೆ ಅಗ್ನಿಶಾಮಕ ದಳ ಬೆಂಕಿಯನ್ನು ಪೂರ್ತಿ ಆರಿಸುತ್ತದಲ್ಲ, ಅಲ್ಲೂ ಅದೇ ಗೊಂದಲ.

ನನಗೆ ಹೊಳೆದದ್ದು ‘ತ್ರಾಸ ಕಡಿಮಿ ಮಾಡೋ ಚಿಕಿತ್ಸೆ’. ಬರೀ ‘ಬ್ಯಾನಿ’ ಎಂದರೆ ಸಾಲದು. ಉಬ್ಬಸ, ವಾಂತಿ, ನಿದ್ದೆಗೇಡು, ಮನಸ್ಸಿನ ಅಂಜಿಕೆ ಎಲ್ಲವೂ ಈ ಆರೈಕೆಯೊಳಗೆ ಬರುತ್ತವೆ. ‘ಕೊನೀ ದಿನದ ಚಿಕಿತ್ಸೆ’ ಎನ್ನುವುದಂತೂ ತಪ್ಪು, ಕೀಮೋ ನಡೆದಿರುವಾಗಲೇ ಇದನ್ನೂ ಶುರು ಮಾಡಬಹುದು.

ಇನ್ನೊಂದು ಮಾತು. ‘ಮುಂದುವರಿದ ಕ್ಯಾನ್ಸರ್’ ಎಂಬುದು ‘ಮುಂದುವರಿದ ದೇಶ’ದಂತೆ ಕೇಳುತ್ತದೆ. ‘ಹಬ್ಬಿದ’ ನನಗೆ ಹಿಡಿಸುತ್ತದೆ. ಬಳ್ಳಿ ಎಲ್ಲಿ ಹಬ್ಬಿದರೂ ಬೇರು ಒಂದೇ. ಎಲುಬಿನಲ್ಲಿ ಕಂಡರೂ ಅದು ಸ್ತನದ ಕ್ಯಾನ್ಸರೇ, ಔಷಧವೂ ಅದರದ್ದೇ. ಓಣಿಯವರು ‘ಎಲುಬಿನ ಕ್ಯಾನ್ಸರೂ ಬಂತಂತ’ ಎಂದು ಎರಡು ರೋಗ ಎಣಿಸುವುದು ಇದರಿಂದ ತಪ್ಪೀತು. ಆದರೆ ಬಾಯಿಯ ಕ್ಯಾನ್ಸರ್ ದವಡೆಗೆ ಇಳಿದು ದೂರ ಹೋಗದೆ ಅಲ್ಲೇ ಬಲಿತಿದ್ದರೆ? ಅದನ್ನೂ ಮುಂದುವರಿದದ್ದೆನ್ನುತ್ತಾರೆ, ಕೆಲವೊಮ್ಮೆ ವಾಸಿ ಮಾಡಲೆಂದೇ ಆಪರೇಷನ್ನಿಗೂ ಒಯ್ಯುತ್ತಾರೆ. ಅದಕ್ಕೆ ‘ಬಲಿತ’ ಎನ್ನೋಣವೇ?

ಹಾವೇರಿ, ರಾಣೆಬೆನ್ನೂರು, ಧಾರವಾಡದ ಕಡೆ ನರ್ಸ್‌ಗಳು, ಆಶಾ ಕಾರ್ಯಕರ್ತೆಯರು ರೋಗಿಯ ಎದುರಿಗೆ ಏನೆನ್ನುತ್ತಾರೆ? ಬರುವ ವಾರ ಚಿಗವ್ವನನ್ನು ಮತ್ತೆ ಕರೆದೊಯ್ಯಬೇಕು. ‘ಆರಾಮ ಆಗತೈತೇನ ತಂಗಿ?’ ಎಂದು ಬಸ್ಸಿನಲ್ಲೇ ಕೇಳುತ್ತಾಳೆ.