ಪದ ಬೇಕು, ಇವತ್ತೇ: ‘ಎನ್ವಿರಾನ್ಮೆಂಟಲಿ ಸೆನ್ಸಿಟಿವ್ ರೂಟ್’

ಕಲಬುರಗಿಯಿಂದ:
ಎಲ್ಲರಿಗೂ ನಮಸ್ಕಾರ. ಮುಂಬೈ–ಹೈದರಾಬಾದ್ ಹೈಸ್ಪೀಡ್ ರೈಲಿನ ಪ್ರಸ್ತಾಪದ ಬಗ್ಗೆ ಹಳ್ಳಿಗಳಲ್ಲಿ ಹಂಚಲು ಒಂದು ಕರಪತ್ರವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸಂಜೆ ಪ್ರೆಸ್ಸಿಗೆ ಕೊಡಬೇಕು. ಮೇಲಿನ ಮಾತಿನ ಅರ್ಥ, ಪರಿಸರಕ್ಕೆ ಹೆಚ್ಚು ಪೆಟ್ಟಾಗದ ಹಾಗೆ ಆರಿಸಿದ ದಾರಿ. ಅದಕ್ಕೆ ‘ಪರಿಸರ ಸೂಕ್ಷ್ಮ ಮಾರ್ಗ’ ಅಂತ ಹಾಕಿದ್ದೆ. ಓದಿದ ಗೆಳೆಯ, ‘ಅಂದ್ರ ಅಡವಿಯಾಗಿಂದ ಹೋಗ್ತದೇನು?’ ಅಂದ. ‘ಅಲೈನ್‌ಮೆಂಟ್’ಗೂ, ಅಂದರೆ ಲೈನ್ ಎಲ್ಲೆಲ್ಲಿ ಹಾದು ಹೋಗುತ್ತದೆ ಅನ್ನುವುದಕ್ಕೂ, ಒಂದು ಪದ ಬೇಕು.

ಬೀದರ್‌ನಿಂದ:
ನಿಮ್ಮ ಗೆಳೆಯರು ಹಿಡಿದದ್ದು ಸರಿ. ರಕ್ಷಿತ ಕಾಡಿನ ಸುತ್ತಲಿನ ಜಾಗಕ್ಕೆ ‘ಪರಿಸರ ಸೂಕ್ಷ್ಮ ವಲಯ’ ಅನ್ನುವ ಹೆಸರು ಸರ್ಕಾರಿ ಕಾಗದದಲ್ಲಿ ಆಗಲೇ ಕೂತುಬಿಟ್ಟಿದೆ. ಅದೇ ಜೋಡಿಯನ್ನು ಮಾರ್ಗಕ್ಕೆ ಅಂಟಿಸಿದರೆ ಅರ್ಥ ತಿರುಗಾಮುರುಗಾ. ‘ಪರಿಸರಸ್ನೇಹಿ’ಯೂ ಬೇಡ, ಅದು ಜಾಹೀರಾತಿನ ಮಾತು.

ಸೇಡಂನಿಂದ:
‘ಸೂಕ್ಷ್ಮ’ ಬೇಡ, ‘ಮಾರ್ಗ’ವೂ ಬೇಡ. ಹಳೆಗನ್ನಡದಲ್ಲಿ ದಾರಿಗೆ ‘ಬಟ್ಟೆ’ ಇದೆ. ‘ಹಸಿರುಬಟ್ಟೆ’ ಅನ್ನಿ. ಮುಗಿಯಿತು.

ಶಹಾಪುರದಿಂದ:
‘ಹಸಿರುಬಟ್ಟೆ ಬರುತ್ತಿದೆ’ ಅಂತ ಕರಪತ್ರ ಹಂಚಿದರೆ ಜನ ಇಳಕಲ್ ಸೀರೆ ಸೇಲ್ ಅಂದುಕೊಳ್ಳುತ್ತಾರೆ. ಅಲ್ಲದೆ ಬಟ್ಟೆಯೂ ಸಂಸ್ಕೃತದ ‘ವರ್ತ್ಮ’ದ ತದ್ಭವವೇ, ಅಲ್ವಾ?

ಸೇಡಂನಿಂದ:
ತದ್ಭವ ಅಂದರೆ ಬಾಯಿಗೆ ಒಗ್ಗಿ ನಮ್ಮದಾದದ್ದು. ಎರವಲಿನ ಲೆಕ್ಕಕ್ಕೆ ಅದನ್ನು ಸೇರಿಸಬೇಡಿ.

ಶಹಾಪುರದಿಂದ:
ಒಗ್ಗುವುದೇ ಅಳತೆಯಾದರೆ ‘ಲೈನ್’ ಏನು ತಪ್ಪು ಮಾಡಿದೆ? ನಮ್ಮ ಕಡೆ ‘ಜಮೀನು’, ‘ಅರ್ಜಿ’, ಕೊನೆಗೆ ‘ರೈತ’ ಅನ್ನುವ ಪದವೇ ಅರಬ್ಬಿ-ಫಾರಸಿಯಿಂದ ಬಂದದ್ದು. ಬೀದರಿನಲ್ಲಿ ನೆಲದಡಿಯ ಹಳೆಯ ನೀರಿನ ಕಾಲುವೆಗೆ ‘ಕರೇಜ್’ ಅಂದರೂ ನಡೆಯುತ್ತದೆ, ‘ಸುರಂಗ ಬಾವಿ’ ಅಂದರೂ ನಡೆಯುತ್ತದೆ. ಯಾವುದನ್ನು ಓಡಿಸುತ್ತೀರಿ?

ಬೀದರ್‌ನಿಂದ:
ಜಗಳ ಆಮೇಲೆ ಆಡಿ. ಪದಕ್ಕಿಂತ ಮೊದಲು ಕೆಲಸ ಏನು ಅಂತ ನೋಡೋಣ. ರೈಲಿನ ವೇಗ ಹೆಚ್ಚಿದಷ್ಟೂ ತಿರುವು ಅಗಲ ಆಗಬೇಕು. ಮುಂಬೈ–ಅಹಮದಾಬಾದ್ ಹೈಸ್ಪೀಡ್ ಲೈನಿಗೆ ಗಂಟೆಗೆ 320 ಕಿ.ಮೀ. ಓಟದ ಲೆಕ್ಕ ಹಾಕಿದ್ದಾರೆ. ಅಂಥ ಕಡೆ ತಿರುವಿನ ತ್ರಿಜ್ಯವೇ ಹಲವು ಕಿಲೋಮೀಟರ್. ಕೆರೆ ಅಡ್ಡ ಬಂತು ಅಂತ ಅಲ್ಲೇ ಪಕ್ಕಕ್ಕೆ ಹೊರಳಿಸಲು ಆಗುವುದಿಲ್ಲ, ಬಹಳ ಹಿಂದಿನಿಂದಲೇ ವಾಲಿಸಿಕೊಂಡು ಬರಬೇಕು. ಆಗ ಒಂದು ಕೆರೆ ಉಳಿದರೂ ಪಕ್ಕದ ಊರಿನ ಹೊಲ ಹೋಗಬಹುದು. ಮುಂಬೈ ಪಕ್ಕದ ಠಾಣೆ ಖಾರಿಯ (ಕಡಲ ಹಿನ್ನೀರಿನ) ಫ್ಲೆಮಿಂಗೊ ಪಕ್ಷಿಧಾಮದ ಹತ್ತಿರ ಅದೇ ಲೈನನ್ನು ನೀರಿನಡಿ ಸುಮಾರು 7 ಕಿ.ಮೀ. ಸುರಂಗಕ್ಕೆ ಇಳಿಸಿದರು. ಇಷ್ಟಾದರೂ ಆ ಯೋಜನೆಗೆ ಕಾಂಡ್ಲಾ (ಮ್ಯಾಂಗ್ರೋವ್) ಮರ ಕಡಿಯಲು 2022ರಲ್ಲಿ ಬಾಂಬೆ ಹೈಕೋರ್ಟ್ ಒಪ್ಪಿಗೆ ಕೊಡಬೇಕಾಯಿತು. ಅದಕ್ಕೇ ‘ಧಕ್ಕೆ ಇಲ್ಲದ’ ಅಂತ ಬರೆಯಬೇಡಿ, ‘ಕಡಿಮೆ ಧಕ್ಕೆಯ’ ಅನ್ನಿ.

ಇನ್ನೊಂದು ಮಾತು. ಪರಿಸರ ಅಂದ ತಕ್ಷಣ 2011ರಲ್ಲಿ ಘೋಷಣೆಯಾದ ಚಿಂಚೋಳಿ ವನ್ಯಜೀವಿಧಾಮದಂಥ ಕಾಡೇ ಕಣ್ಣಿಗೆ ಬರುತ್ತದೆ. ಆದರೆ ನಮ್ಮ ಕಡೆ ಚಿಗರಿ (ಕೃಷ್ಣಮೃಗ) ಹಿಂಡು ಮೇಯುವುದು ಬಯಲಲ್ಲಿ, ಹೊಲದಲ್ಲಿ. ಮ್ಯಾಪಿನಲ್ಲಿ ಅಲ್ಲಿ ಹಸಿರು ಬಣ್ಣ ಇರುವುದಿಲ್ಲ. ಲೈನು ಕಂಬದ ಮೇಲೆ ಹೋದರೆ ಚಿಗರಿ ಕೆಳಗಿನಿಂದ ದಾಟುತ್ತದೆ. ಮಣ್ಣಿನ ಏರಿ ಹಾಕಿ ಬೇಲಿ ಬಿಗಿದರೆ ಅದಕ್ಕೆ ಅದು ಗೋಡೆಯೇ. ಕರಪತ್ರದಲ್ಲಿ ಚಿಗರಿಯ ಹೆಸರೂ ಬರಲಿ.

ಸೇಡಂನಿಂದ:
ಅಲೈನ್‌ಮೆಂಟಿಗೆ ‘ಹಾಯುವಿಕೆ’.

ಶಹಾಪುರದಿಂದ:
‘ಹಾಯುವಿಕೆ’ ಅಂತ ಯಾವ ಊರಲ್ಲಿ ಅಂತಾರೆ? ‘ಲೈನ್ ಯಾರ ಹೊಲದಾಗ ಹಾಯ್ತದ?’ ಅಂತ ಕೇಳುತ್ತಾರೆ. ಕ್ರಿಯಾಪದವಾಗೇ ಇರಲಿ ಬಿಡಿ. ಎಲ್ಲದಕ್ಕೂ ‘ಇಕೆ’ ಹಚ್ಚುವ ಚಟ ಯಾಕೆ?

ಕಲಬುರಗಿಯಿಂದ:
ಎಲ್ಲರಿಗೂ ಥ್ಯಾಂಕ್ಸ್. ಹೀಗೆ ಹಾಕಿದೆ: ‘ಅಡವಿ, ಕೆರೆ, ಚಿಗರಿ ಓಡಾಡುವ ಬಯಲು — ಇವಕ್ಕೆ ಆದಷ್ಟು ಕಡಿಮೆ ಧಕ್ಕೆ ಆಗುವ ಹಾಗೆ ರೈಲು ಲೈನ್ ಎಲ್ಲಿ ಹಾಯಬೇಕು ಎಂದು ನಿರ್ಧರಿಸಬೇಕು.’ ಎರಡು ಪದದ ಜಾಗಕ್ಕೆ ಎರಡು ಸಾಲು ಆಯಿತು, ಆಗಲಿ.

ಸೇಡಂನಿಂದ:
‘ಧಕ್ಕೆ’ ಹಿಂದಿ-ಮರಾಠಿಯದು. ‘ಕೇಡು’ ಇರುವಾಗ ಅದೇಕೆ?

ಕಲಬುರಗಿಯಿಂದ:
ಪ್ರೆಸ್ಸಿಗೆ ಹೋಯ್ತು ಸರ್.