ಕಾಲಿನ ರಕ್ತದ ಹೆಪ್ಪು ಶ್ವಾಸಕೋಶಕ್ಕೇ ಯಾಕೆ ಹೋಗುತ್ತದೆ?

ತುಂಗಾತೀರ:
ಅಮ್ಮನಿಗೆ ಮಂಡಿ ಆಪರೇಷನ್ ಆಗಿದೆ. ಮನೆಗೆ ಬಂದ ಮೇಲೆ ಎಡಗಾಲಿನ ಮೀನಖಂಡ ಊದಿಕೊಂಡು, ಮುಟ್ಟಿದರೆ ಬಿಸಿ ಬಿಸಿ. ಡಾಪ್ಲರ್ ಸ್ಕ್ಯಾನ್ ಮಾಡಿಸಿದರೆ ಒಳಗಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದೆ ಅಂದರು, ಇಂಜೆಕ್ಷನ್ ಶುರುವಾಗಿದೆ. ಶ್ವಾಸಕೋಶಕ್ಕೆ ಹೋದರೆ ಕಷ್ಟ ಎಂದೂ ಡಾಕ್ಟರ್ ಹೇಳಿದರು. ಕಾಲೆಲ್ಲಿ, ಶ್ವಾಸಕೋಶ ಎಲ್ಲಿ? ನಡುವೆ ಎಲ್ಲೂ ಸಿಕ್ಕಿಕೊಳ್ಳೋದಿಲ್ವಾ? ಅತ್ತೆ ಬೇರೆ ಎಣ್ಣೆ ಹಚ್ಚಿ ನೀವೋಣ ಅಂತಿದ್ದಾರೆ.

ನರ್ಸಕ್ಕ:
ಮೊದಲು ಅತ್ತೆಗೆ ಬೇಡ ಅನ್ನಿ. ಊದಿದ ಕಾಲನ್ನು ಒತ್ತಿ ನೀವಿದರೆ ಹೆಪ್ಪಿನ ತುಂಡು ಕಳಚಿಕೊಳ್ಳಬಹುದು.

ಇನ್ನು ದಾರಿ. ಕಾಲಿನಿಂದ ಹೃದಯಕ್ಕೆ ವಾಪಸ್ ಹೋಗುವ ನಾಳಗಳು ಮೇಲೆ ಹೋದಷ್ಟೂ ಅಗಲವಾಗುತ್ತವೆ, ಹಳ್ಳಗಳು ಕೂಡಿ ಹೊಳೆಯಾದ ಹಾಗೆ. ಮೀನಖಂಡ, ಮಂಡಿಯ ಹಿಂಭಾಗ, ತೊಡೆ, ಆಮೇಲೆ ಹೊಟ್ಟೆಯೊಳಗಿನ ದೊಡ್ಡ ನಾಳ. ಅದು ಸುಮಾರು 2 ಸೆಂ.ಮೀ. ಅಗಲ ಇರುತ್ತದೆ, ಹಾಗಾಗಿ ಕಳಚಿದ ತುಂಡಿಗೆ ದಾರಿಯಲ್ಲಿ ತಡೆಯೇ ಇಲ್ಲ. ನೇರ ಹೃದಯದ ಬಲಭಾಗಕ್ಕೆ ಬರುತ್ತದೆ. ಬಲಭಾಗದ ರಕ್ತ ಹೋಗೋದು ಶ್ವಾಸಕೋಶಕ್ಕೆ ಮಾತ್ರ, ಅಲ್ವಾ? ಅಲ್ಲಿ ನಾಳಗಳು ಕವಲೊಡೆದು ಸಣ್ಣ ಸಣ್ಣದಾಗುತ್ತವೆ, ತುಂಡು ತೂರಲಾಗದ ಕವಲು ಬಂದ ಕಡೆ ಸಿಕ್ಕಿಕೊಂಡು ಬಿಡುತ್ತದೆ. ಜರ್ಮನಿಯ ವೈದ್ಯ ರುಡಾಲ್ಫ್ ಫಿರ್ಕೋ ಇದನ್ನು 19ನೇ ಶತಮಾನದಲ್ಲೇ ತೋರಿಸಿಕೊಟ್ಟಿದ್ದರು.

ಬೆಣ್ಣೆದೋಸೆ:
ಇಷ್ಟು ಸೇರಿಸುತ್ತೇನೆ. ರಕ್ತ ತೆಳುವಾಗಿಸುವ ಔಷಧಿ ಅಂತ ನಾವು ಕರೆಯುತ್ತೇವೆ, ಆದರೆ ಅದು ಹೆಪ್ಪನ್ನು ಕರಗಿಸುವುದಿಲ್ಲ. ಇನ್ನಷ್ಟು ಬೆಳೆಯದಂತೆ ತಡೆಯುತ್ತದೆ ಅಷ್ಟೇ. ಕರಗಿಸುವ ಕೆಲಸ ದೇಹದ್ದೇ, ನಿಧಾನವಾಗಿ. ಅದಕ್ಕೇ ಸಾಮಾನ್ಯವಾಗಿ ಕನಿಷ್ಠ 3 ತಿಂಗಳು ಔಷಧಿ ಕೊಡುತ್ತಾರೆ. ಊತ ಇಳಿಯಿತು ಅಂತ ಸುಮ್ನೆ ನಿಲ್ಲಿಸಬೇಡಿ. ನಮ್ಮ ಮನೆಯಲ್ಲೂ ಅದೇ ಆಸೆ ಆಗಿತ್ತು, ಡಾಕ್ಟರ್ ಬಿಡಲಿಲ್ಲ.

ತುಂಗಾತೀರ:
ಈಗ ಅರ್ಥವಾಯಿತು, ಇಬ್ಬರಿಗೂ ಥ್ಯಾಂಕ್ಸ್. ಹಾಗಾದರೆ ಅಮ್ಮ ನಡೆದಾಡಬಾರದಾ? ಕಾಲು ಅಲ್ಲಾಡಿಸಲೂ ಹೆದರುತ್ತಿದ್ದಾರೆ.

ನರ್ಸಕ್ಕ:
ಔಷಧಿ ಶುರುವಾಗಿದ್ದರೆ ಸಾಮಾನ್ಯವಾಗಿ ಡಾಕ್ಟರೇ ಎಬ್ಬಿಸಿ ನಡೆಸುತ್ತಾರೆ, ಅವರನ್ನು ಕೇಳಿಕೊಂಡು ಶುರು ಮಾಡಿ. ಮೀನಖಂಡದ ಸ್ನಾಯು ಬಿಗಿಯಾದಾಗಲೇ ರಕ್ತ ಮೇಲಕ್ಕೆ ಹೋಗೋದು. ಮಲಗೇ ಇದ್ದರೆ ಅಲ್ಲೇ ನಿಂತು ಹೆಪ್ಪಾಗುತ್ತದೆ. ಇದ್ದಕ್ಕಿದ್ದಂತೆ ಉಸಿರು ಸಾಲದೆ ಹೋದರೆ, ಉಸಿರೆಳೆದಾಗ ಎದೆ ಚುಚ್ಚಿದರೆ, ಕೆಮ್ಮಿದಾಗ ರಕ್ತ ಬಂದರೆ, ತಲೆ ಸುತ್ತಿ ಬಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ, ತಕ್ಷಣ 108ಕ್ಕೆ ಫೋನ್ ಮಾಡಿ. ಮಂಡಿ ನೋವಿಗೆ ಅಂಗಡಿಯಿಂದ ನೋವಿನ ಮಾತ್ರೆ ತಂದು ಕೊಡಬೇಡಿ. ಈ ಔಷಧಿಯ ಜೊತೆ ಕೆಲವು ಮಾತ್ರೆಗಳಿಂದ ರಕ್ತಸ್ರಾವ ಜಾಸ್ತಿ ಆಗುತ್ತದೆ.