ಅಪ್‌ಡೇಟ್: ಸೊಂಟನೋವಿಗೆ ಥೆರಪಿಸ್ಟ್ ಸಿಕ್ಕಿದರು

ವರ್ಷಗಟ್ಟಲೆ ಬಿಡದ ಸೊಂಟನೋವನ್ನು ನಿಭಾಯಿಸಲು, ಕನ್ನಡದಲ್ಲೇ ಮಾತಾಡುವ ಮನೋಚಿಕಿತ್ಸಕರು (ಥೆರಪಿಸ್ಟ್) ಬೇಕು ಎಂದು ಕೇಳಿದ್ದೆನಲ್ಲ, ಸಿಕ್ಕಿದ್ದಾರೆ. ನಿಮ್ಮಲ್ಲೊಬ್ಬರು ಹೇಳಿದ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್ 14416ಕ್ಕೆ ಮೊದಲು ಕರೆ ಮಾಡಿದೆ. ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಈಗ ನೋಡುತ್ತಿರುವವರು ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಇರುವ ಕ್ಲಿನಿಕಲ್ ಸೈಕಾಲಜಿಸ್ಟ್. (ನೋಂದಣಿ ಇದೆಯಾ ಅಂತ ಮೊದಲೇ ಕೇಳಿ, ಸಂಕೋಚ ಬೇಡ.)

‘ಎಲ್ಲಾ ನಿಮ್ಮ ಭ್ರಮೆ’ ಅನ್ನಲಿಲ್ಲ ಅವರು. ಅದಕ್ಕೇ ನನಗೆ ನಂಬಿಕೆ ಬಂತು. ನೋವು ನಿಜವೇ, ಆದರೆ ಭಯ, ನಿದ್ದೆಗೇಡು ಸೇರಿದರೆ ನರಮಂಡಲ ಅದನ್ನು ಇನ್ನಷ್ಟು ಹೆಚ್ಚಿಸುತ್ತದೆ ಎಂದು ಬಿಡಿಸಿ ಹೇಳಿದರು. ಸದ್ಯ ಸಿಬಿಟಿ (ಯೋಚನೆ, ಅಭ್ಯಾಸಗಳನ್ನು ಬದಲಿಸಿಕೊಳ್ಳಲು ಕಲಿಸುವ ಮಾತಿನ ಚಿಕಿತ್ಸೆ) ನಡೀತಿದೆ. ಅದರಲ್ಲಿ ಕಲಿತದ್ದು: ಆರಾಮಾಗಿದ್ದ ದಿನ ಮನೆಕೆಲಸವನ್ನೆಲ್ಲ ಒಟ್ಟಿಗೆ ಮುಗಿಸದೆ, ನೋವು ಏರುವ ಮೊದಲೇ ನಿಲ್ಲಿಸಿ, ಕೂತು, ಮತ್ತೆ ಏಳುವುದು. ಫಿಸಿಯೋಥೆರಪಿ, ಮಾತ್ರೆ ಹಾಗೇ ಮುಂದುವರಿದಿವೆ.

ನೋವು ಹೋಗಿಲ್ಲ, ಆದರೆ ರಾತ್ರಿ ನಿದ್ದೆ ಬರ್ತಿದೆ. ಫೀಸಿನ ಚಿಂತೆ ಇರುವವರು ಜಿಲ್ಲಾಸ್ಪತ್ರೆಯ ಮನೋವೈದ್ಯಕೀಯ ವಿಭಾಗದಲ್ಲೂ ವಿಚಾರಿಸಿ.